ಹಾಳೆಯ ಹೊರಗೆ ಬಿದ್ದ ಮೂರು ಹೆಸರು

"ಮತ್ತ ಬಂದಿ? ಈಗಷ್ಟ ಹೋಗಿದ್ದ್ಯಲ್ಲ! ಒಂದು ಕೆಲಸ ಪೂರ್ತಿ ಮಾಡಾಕ ಬಿಡೂದಿಲ್ಲ ನೀನು."

ನೀಲಾಂಬಿಕೆ ಕಂಪ್ಯೂಟರಿನಿಂದ ತಲೆಯೆತ್ತದೆ ಹೇಳಿದಳು.

ಬಾಗಿಲಲ್ಲಿ ಕರಿಯವ್ವ ನಿಂತಿದ್ದಳು. ಸೊಂಟದ ಮೇಲೆ ಎಂಟು ತಿಂಗಳ ಮಗಳು ಚೆನ್ನಿ. ಕೂಸಿನ ಮೇಲ್ತುಟಿ ಮೂಗಿನವರೆಗೆ ಸೀಳಿತ್ತು.

"ನಮ್ಮ ಚೆನ್ನಿ ಹೆಸರು ಕೂಗಲಿಲ್ರಿ ಅಕ್ಕಾರ. ಬಸ್ಸು ತುಂಬಾಕ ಹತ್ತೈತ್ರಿ."

ಹೊಳೆದಂಡೆಯ ಆ ಆಶ್ರಮದಿಂದ ವರ್ಷಕ್ಕೊಮ್ಮೆ ಒಂದು ಬಸ್ಸು ಹೊರಡುತ್ತಿತ್ತು. ಸೀಳು ತುಟಿಯ ಮಕ್ಕಳನ್ನು ಶಹರದ ಆಸ್ಪತ್ರೆಗೆ ಕರೆದೊಯ್ದು ಆಪರೇಷನ್ ಮಾಡಿಸುತ್ತಿದ್ದರು. ದೂರದಿಂದ ಬರುವ ಡಾಕ್ಟರು ವರ್ಷಕ್ಕೆ ಅದೊಂದೇ ಸಲ ಬರುತ್ತಿದ್ದರು. ಪಟ್ಟಿಯಲ್ಲಿ ಹೆಸರಿದ್ದವರಿಗೆ ಮಾತ್ರ ಬಸ್ಸಿನಲ್ಲಿ ಜಾಗ.

ಪಟ್ಟಿ ನೀಲಾಂಬಿಕೆಯ ಕೆಲಸ. ಎಂಟು ದಿನದ ಹಿಂದೆ ಸಾಫ್ಟ್‌ವೇರ್ ಹೊಸದಾಗಿತ್ತು. ಅಂದಿನಿಂದ ಪ್ರಿಂಟರಿಗೆ ದೆವ್ವ ಬಡಿದಂತಾಗಿತ್ತು. ಮೊದಲು ಒತ್ತಕ್ಷರ ಇರುವಲ್ಲೆಲ್ಲ ಚೌಕ ಬಂದವು. ಆಮೇಲೆ ಪಟ್ಟಿ ಅಡ್ಡಡ್ಡ ಬಂತು. ಅವಳು ಒಂದೊಂದನ್ನೂ ಸರಿಮಾಡಿದ್ದಳು. ಆಶ್ರಮದಲ್ಲಿ ಆ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ. ಇದನ್ನು ಅವಳು ಒಂದು ಗಳಿಗೆಯೂ ಮರೆತಿರಲಿಲ್ಲ.

"ಪಟ್ಟ್ಯಾಗ ನಿನ್ನ ಮಗಳ ಹೆಸರಿಲ್ಲವ್ವಾ. ಎರಡು ಸಲ ನೋಡೀನಿ."

"ನೀವ ಬರಕೊಂಡಿದ್ರಿ. ನನ್ನ ಮುಂದ ಟಕಟಕ ಒತ್ತಿದ್ರಿ."

"ಒತ್ತಿದ್ರ ಬರತಿತ್ತು. ಯಂತ್ರ ಸುಳ್ಳು ಹೇಳತೈತೇನು?"

"ಯಂತ್ರದ್ದು ನನಗ ಗೊತ್ತಿಲ್ರಿ. ನಾನಂತೂ ಸುಳ್ಳು ಹೇಳಾಕ ಬಂದಿಲ್ಲ."

ಮಾತು ಏರಿದ್ದು ಕೇಳಿ ಆಶ್ರಮದ ಹಿರಿಯರು ಒಳಗೆ ಬಂದರು. ಎಲ್ಲರೂ ಅವರನ್ನು ಅಪ್ಪಾರು ಎನ್ನುತ್ತಿದ್ದರು. ನೀಲಾಂಬಿಕೆ ಹನ್ನೆರಡು ವರ್ಷದಿಂದ ಅವರ ಶಿಷ್ಯೆ.

"ಏನು ತಕರಾರು?"

"ತಕರಾರು ಏನಿಲ್ರಿ ಅಪ್ಪಾರ. ಪ್ರಿಂಟರು ಚೊಲೋ ಐತಿ. ಬೆಳಿಗ್ಗೆ ಪರೀಕ್ಷೆ ಹಾಳಿ ತೆಗದು ನೋಡೀನಿ. ಒಂದು ಚುಕ್ಕಿ ತಪ್ಪಿಲ್ಲ."

"ಆ ಹಾಳ್ಯಾಗ ಯಾರ್‍ಯಾರ ಹೆಸರಿದ್ವು?"

"ಅದರಾಗ ಹೆಸರು ಇರೂದಿಲ್ರಿ. ನಾಕು ಗೆರಿ, ನಾಕು ಬಣ್ಣ. ಅಷ್ಟ."

"ಯಾರೂ ಇಲ್ಲದ ಹಾಳ್ಯಾಗ ಯಾರು ತಪ್ಪತಾರ?"

ನೀಲಾಂಬಿಕೆಗೆ ಸಿಟ್ಟು ಬಂತು. ನುಂಗಿಕೊಂಡಳು.

ಅಪ್ಪಾರು ಮೇಜಿನ ಮೇಲಿದ್ದ ಪಟ್ಟಿಯನ್ನು ತೆಗೆದು ಕರಿಯವ್ವನ ಕೈಗೆ ಕೊಟ್ಟರು.

"ಓದವ್ವಾ."

"ನನಗ ಅಕ್ಷರ ಬರೂದಿಲ್ರಿ ಯಪ್ಪಾ."

"ಏನು ಬರತೈತಿ?"

"ಅಂಕಿ ಬರತಾವ್ರಿ. ಇಟ್ಟಂಗಿ ಭಟ್ಟ್ಯಾಗ ಲೆಕ್ಕ ಇಡಾಕಿ ನಾನ."

"ಹಂಗಾದ್ರ ಇವರನ್ನ ಎಣಿಸು."

"ಇದೊಂದು ಕಮ್ಮಿ ಇತ್ತು ನೋಡ್ರಿ," ಎಂದಳು ನೀಲಾಂಬಿಕೆ. "ಬಸ್ಸು ಬಿಡಾಕ ಇನ್ನ ಕಾಲು ತಾಸು ಐತಿ."

"ನೀನು ಕೂಸಿನ್ನ ಹಿಡ್ಕೊ."

ಬೇರೆ ದಾರಿಯಿರಲಿಲ್ಲ. ಹಿಡಿದುಕೊಂಡಳು.

ಕೂಸು ಅವಳ ಕಿರುಬೆರಳನ್ನು ಬಾಯಿಗೆ ಒಯ್ದಿತು. ಚೀಪಲು ನೋಡಿತು. ತುಟಿ ಕೂಡಲಿಲ್ಲ. ಸೀಳಿನೊಳಗಿಂದ ಗಾಳಿ ಸುಯ್ಯೆಂದು ಹೊರಬಿತ್ತು. ಕೂಸು ಬಿಡದೆ ಮತ್ತೆ ಚೀಪಿತು.

"ಹಾಲು ಹೆಂಗ ಕುಡಸ್ತಿ ಇದಕ್ಕ?" ನೀಲಾಂಬಿಕೆಯ ದನಿ ಇಳಿದಿತ್ತು.

"ಚಮಚದಾಗ್ರಿ. ಒಂದು ಬಟ್ಟಲಕ್ಕ ಒಂದು ತಾಸು. ಅರ್ಧ ಮೂಗಿನಾಗ ಬರತೈತಿ," ಎಂದು ಕರಿಯವ್ವ ಹೆಸರಿನ ಮುಂದಿನ ಅಂಕಿಯ ಮೇಲೆ ಬೆರಳಿಟ್ಟಳು. "ಒಂದು, ಎರಡು..."

ಹೊರಗೆ ಬಸ್ಸಿನ ಹಾರ್ನ್ ಕೇಳಿತು.

"...ಇಪ್ಪತ್ತು, ಇಪ್ಪತ್ತೊಂದು." ಮೊದಲ ಹಾಳೆ ಮುಗಿಯಿತು. ಎರಡನೆಯದನ್ನು ಮೇಲೆ ತೆಗೆದುಕೊಂಡಳು. "ಇಪ್ಪತ್ತೈದು."

ಬೆರಳು ನಿಂತಿತು.

"ಅಕ್ಕಾರ, ನಡುವ ಮೂರು ಇಟ್ಟಂಗಿ ಬಿದ್ದಾವಲ್ರಿ."

ನೀಲಾಂಬಿಕೆ ಕೂಸನ್ನು ಎತ್ತಿಕೊಂಡೇ ಕಂಪ್ಯೂಟರಿನ ಮುಂದೆ ಬಾಗಿದಳು. ಪರದೆಯ ಮೇಲೆ ಪಟ್ಟಿ ತೆರೆದಳು. ಇಪ್ಪತ್ತೆರಡು, ರೇಷ್ಮಾ. ಇಪ್ಪತ್ಮೂರು, ಚೆನ್ನಮ್ಮ, ತಾಯಿ ಕರಿಯವ್ವ. ಇಪ್ಪತ್ನಾಲ್ಕು, ಮೌನೇಶ.

ತನ್ನ ಕೈಯಿಂದಲೇ ಬರೆದ ಹೆಸರುಗಳು.

"ಹಾಳಿ ಅಳತಿ, ಅಪ್ಪಾರ. ಹೊಸ ಸಾಫ್ಟ್‌ವೇರು ನಮ್ಮದು ಉದ್ದ ಹಾಳಿ ಅಂತ ತಿಳಕೊಂಡೈತಿ. ನಮ್ಮದು ಗಿಡ್ಡ. ಕೆಳಗಿನ ಮೂರು ಸಾಲು ಹಾಳಿ ಹೊರಗ ಬಿದ್ದಾವು."

"ಯಂತ್ರ ಸುಳ್ಳು ಹೇಳಿತೇನು?"

"ಇಲ್ರಿ. ಅಳತಿ ನಾ ಹೇಳಬೇಕಿತ್ತು. ಹೇಳಲಿಲ್ಲ."

ಅಳತೆ ಬದಲಿಸಲು ಅರ್ಧ ನಿಮಿಷವೂ ಬೇಕಾಗಲಿಲ್ಲ. ಹೊಸ ಪಟ್ಟಿ ಹೊರಬಂತು. ಅವಳು ಈ ಸಲ ಕೊನೆಯ ಸಾಲಿನಿಂದ ಮೇಲಕ್ಕೆ ಓದಿದಳು. ಆಮೇಲೆ ಕೂಸನ್ನು ಎದೆಗೊತ್ತಿಕೊಂಡು ಓಡಿದಳು. ಕರಿಯವ್ವ ಹಿಂದೆಯೇ ಓಡಿದಳು.

"ಅಕ್ಕಾರ, ಸಾವಕಾಶ್ರಿ! ಕೂಸು ಐತಿ ಕೈಯಾಗ!"

"ಗೊತ್ತೈತಿ, ನೀ ಹತ್ತು ಮೊದಲ!"

ಡ್ರೈವರ್ ಬಾಗಿಲು ತೆರೆದ. ಕರಿಯವ್ವ ಹತ್ತಿದಳು. ನೀಲಾಂಬಿಕೆ ಚೆನ್ನಿಯನ್ನು ಕಿಟಕಿಯಿಂದ ಕೊಟ್ಟಳು. ಕೂಸು ಅವಳ ಬೆರಳು ಬಿಡಲು ಒಲ್ಲೆ ಎಂದಿತು. ಬಿಡಿಸಿಕೊಳ್ಳಬೇಕಾಯಿತು.

ಬಸ್ಸಿನಲ್ಲಿ ಇನ್ನೂ ಎರಡು ಸೀಟು ಖಾಲಿ ಇದ್ದವು.

"ರೇಷ್ಮಾ! ಮೌನೇಶ!"

ಅವಳು ಅಂಗಳಕ್ಕೆ ತಿರುಗಿ ಕೂಗಿದಳು. ಬೇವಿನ ಕಟ್ಟೆಯ ಕಡೆ ಹೋಗಿ ಕೂಗಿದಳು. ಹೊಳೆಯ ಮೆಟ್ಟಿಲ ಮೇಲೆ ನಿಂತು ಕೂಗಿದಳು.

ಮೆಟ್ಟಿಲ ಬಳಿ ಪೇರಲಹಣ್ಣು ಮಾರುತ್ತಿದ್ದ ಮುದುಕಿ ಹೇಳಿದಳು, "ಆ ಇಬ್ಬರು ತಾಯಂದಿರೇನು? ಹೆಸರು ಬರಲಿಲ್ಲ ಅಂತ ಮಕ್ಕಳನ್ನ ಕರಕೊಂಡು ಆಗಲೇ ದೋಣಿ ಹತ್ತಿದ್ರವ್ವಾ."

ದೋಣಿ ಆಚೆ ದಂಡೆ ಮುಟ್ಟಿ ಖಾಲಿಯಾಗಿತ್ತು. ರೇಷ್ಮಾಳ ಮನೆಯವರ ಫೋನು ಬಂದ್ ಇತ್ತು. ಮೌನೇಶನ ಮನೆಯಲ್ಲಿ ಫೋನೇ ಇರಲಿಲ್ಲ. ಆಸ್ಪತ್ರೆಯಿಂದ ಎರಡು ಸಲ ಕರೆ ಬಂತು. ಡ್ರೈವರ್ ಅರ್ಧ ತಾಸು ಕಾದ. ಆಮೇಲೆ ಬಸ್ಸು ಹೊರಟಿತು.

ಅಪ್ಪಾರು ಮೆಟ್ಟಿಲಿಳಿದು ಬಂದು ಅವಳ ಪಕ್ಕದಲ್ಲಿ ಕುಳಿತರು.

ನೀಲಾಂಬಿಕೆ ಹೇಳಿದಳು, "ಒಂದು ಮಾತು ಕೇಳಬಾರದಿತ್ತೇನ್ರಿ ಅವರು? ಕರಿಯವ್ವ ಮೂರು ಸಲ ಬಂದು ಕೇಳಿದಳು."

"ಮೊದಲನೇ ಸಲ ನೀ ಆಕಿಗೆ ಏನಂದಿ?"

ನೀಲಾಂಬಿಕೆ ಸೆರಗಿನಿಂದ ಮುಖ ಒರೆಸಿಕೊಂಡಳು.

"ಜೋರು ಮಾಡಿದೆ. ಅಂಗಳದ ತನಕ ಕೇಳಿಸಿರಬೇಕು."

ಅಪ್ಪಾರು ಅವಳ ಬೆನ್ನಿನ ಮೇಲೆ ಕೈಯಿಟ್ಟರು.

"ನಾಳೆ ಬೆಳಕು ಹರಿಯೂದಕ್ಕ ದೋಣಿ ಹತ್ತತೀನ್ರಿ," ಎಂದಳು ಅವಳು. "ಇಬ್ಬರ ಮನೀಗೂ ಹೋಗತೀನಿ. ತಪ್ಪು ನನ್ನದು ಅಂತ ಹೇಳತೀನಿ. ಬರೋ ವರ್ಷ ಅವರ ಹೆಸರು ಮೊದಲನೇ ಸಾಲಿಗೆ ಹಾಕತೀನಿ."

"ಹೋಗು. ನಾನೂ ಬರತೀನಿ. ಮೌನೇಶ ಎಷ್ಟು ದೊಡ್ಡವ?"

"ನಾಕು ವರ್ಷದವ್ರಿ."

"ಮಾತು ತಿಳಿಯೋ ವಯಸ್ಸು," ಎಂದರು ಅಪ್ಪಾರು, ಆಚೆ ದಂಡೆಯನ್ನು ನೋಡುತ್ತ. "ದೋಣ್ಯಾಗ ಕುಂತಾಗ ಅವನು ಕೇಳೇ ಕೇಳಿರತಾನ, ನಾವ್ಯಾಕ ಬಸ್ಸು ಹತ್ತಲಿಲ್ಲ ಅಂತ. ಅವರವ್ವ ಅವಗ ಏನು ಹೇಳಿರಬೇಕು, ನೀಲಾ?"