ಕುಂಕುಮ ಇಡುವ ಜಾಗ

ಪಿಕಳಾರ ಹಕ್ಕಿಗಳಲ್ಲಿ ಎರಡು ಕುಲ ಉಂಟು, ಮಕ್ಕಳೇ. ಒಂದಕ್ಕೆ ಕೆನ್ನೆ ಕೆಂಪು, ಇನ್ನೊಂದಕ್ಕೆ ಬಾಲದಡಿ ಕೆಂಪು, ಅಂತ ಅವರೇ ಹೇಳಿಕೊಳ್ಳುವುದು.

ಒಂದು ದಾಸವಾಳದ ಗಿಡದಲ್ಲಿ ಕೆನ್ನೆಗೆಂಪಿನವಳು ಮೊಟ್ಟೆಯಿಟ್ಟು ಕೂತಿದ್ದಳು. ಬಾಲಗೆಂಪಿನವಳು ಏದುಸಿರು ಬಿಡುತ್ತ ಬಂದಳು.

"ಅಕ್ಕಾ, ಬೇಲಿ ಕಡಿದುಬಿಟ್ಟರು, ನನ್ನ ಗೂಡು ಹೋಯಿತು. ಇವತ್ತೋ ನಾಳೆಯೋ ಮೊಟ್ಟೆಯಿಡಬೇಕು. ಆ ಕೆಳಗಿನ ಟೊಂಗೆ ಬಿಟ್ಟುಕೊಡಿ."

"ಅಕ್ಕ ಗಿಕ್ಕ ಅನ್ನಬೇಡ! ಕುಂಕುಮವನ್ನು ಮುಖಕ್ಕೆ ಇಡಬೇಕು ಅಂತಲೂ ತಿಳಿಯದೆ ಬಾಲದಡಿ ಬಳಿದುಕೊಂಡವರು ನೀವು," ಎಂದವಳೇ ಗಂಡನನ್ನು ಕೂಗಿದಳು. "ರೀ, ಬಾಲದಡಿ ಕೆಂಪು ಕಂಡರೆ ಕುಕ್ಕಿ ಓಡಿಸಿ. ವಿಚಾರಿಸುತ್ತ ಕೂರಬೇಡಿ."

ಹೆಂಡತಿಯ ಮಾತು ಮೀರದ ಗಂಡ ಅವನು. ಹೂಂ ಎಂದು ಹುಳ ಹುಡುಕಲು ಹೋದ. ಇವಳು ಗೂಡಿನೊಳಗೆ ತಲೆಹಾಕಿ ಮೊಟ್ಟೆ ಮಗುಚತೊಡಗಿದಳು. ಬಾಲ ಮೇಲೆದ್ದಿತು. ಹಿಂದಿನಿಂದ ಬಂದ ಗಂಡನಿಗೆ ಕೆಂಪು ಕಂಡಿತು. ಕುಕ್ಕಿಯೇಬಿಟ್ಟ.

"ಅಯ್ಯಯ್ಯೋ, ನಾನು ರೀ!"

"ಬಾಲದಡಿ ಕೆಂಪಿತ್ತಲ್ಲೇ!"

"ನನಗೆಲ್ಲಿಯ ಕೆಂಪು?"

"ನಮ್ಮ ಕುಲಕ್ಕೆಲ್ಲ ಅಲ್ಲೂ ಇದೆ ಕಣೇ."

ಕತ್ತು ಎಷ್ಟು ತಿರುಗಿಸಿದರೂ ಅವಳಿಗೆ ಕಾಣಲಿಲ್ಲ. ಕೊನೆಗೆ, ದಿಕ್ಕು ತೋಚದೆ ಅಲ್ಲೇ ನಿಂತಿದ್ದ ಬಾಲಗೆಂಪಿನವಳನ್ನು ಕರೆದಳು.

"ಏ ಇವಳೇ, ನೀನಾದರೂ ನೋಡಿ ಹೇಳು. ನಿಜವಾ?"

"ನಿಜ ಅಕ್ಕಾ. ನನ್ನದಕ್ಕಿಂತ ಎಷ್ಟೋ ಚೆನ್ನಾಗಿದೆ."

"ಹೌದಾ? ಹಾಗಾದರೆ ಕೆಳಗಿನ ಟೊಂಗೆಯಲ್ಲೇ ಇದ್ದುಕೋ," ಎಂದಳು ಕೆನ್ನೆಗೆಂಪಿನವಳು. "ದಿನಾ ನೋಡಿ ಹೇಳುವುದಕ್ಕೆ ಒಬ್ಬರು ಬೇಕಲ್ಲ."