ಮುನಿರಾಜ ತಂಗಿಯನ್ನು ಅವಳ ಜಾಗಕ್ಕೆ ಬಿಟ್ಟದ್ದು

ನಗು ಬಂದರೆ ನಗಿ, ಬೇಡ ಅನ್ನುವುದಿಲ್ಲ. ಪಿಳ್ಳಮ್ಮನ ಕಿವಿಗೆ ಬೀಳದ ಹಾಗೆ ನಗಿ, ಅಷ್ಟೆ. ಗಂಡ ಸತ್ತ ಮೇಲೆ ರೇಷ್ಮೆ ಹುಳ ಸಾಕಿ, ಒಂಟಿ ಕೈಯಲ್ಲಿ ಎರಡು ಮಕ್ಕಳನ್ನು ದೊಡ್ಡದು ಮಾಡಿದ ಹೆಂಗಸು ಅವಳು. ಮಗಳು ಭಾರತಿಗೆ ಹದಿನೆಂಟು, ಮೂಗಿನ ತುದಿಯಲ್ಲೇ ಕೋಪ. ಮಗ ಮುನಿರಾಜನಿಗೆ ಇಪ್ಪತ್ತು. ಕೋಪವೂ ಇಲ್ಲ, ಬುದ್ಧಿಯೂ ಇಲ್ಲ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಾನೆ, ಅದೇ ಅವನ ರೋಗ.

ಆ ತಿಂಗಳು ಆ ಮನೆಯಲ್ಲಿ ಉಸಿರಾಡುವುದೂ ಕಷ್ಟವಾಗಿತ್ತು. ಭಾರತಿಗೆ ಪಟ್ಟಣದ ನರ್ಸಿಂಗ್ ಕಾಲೇಜಿನಲ್ಲಿ ಸೀಟು ಸಿಕ್ಕಿತ್ತು. ಹತ್ತು ದಿನದೊಳಗೆ ಹೋಗಿ ಸೇರಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ. ಪಿಳ್ಳಮ್ಮ ಸರಿಯಾಗಿ ಹತ್ತನೇ ದಿನಕ್ಕೇ ಗಂಡಿನ ಕಡೆಯವರನ್ನು ಬರಹೇಳಿದ್ದಳು. ಪಟ್ಟಣ ಸೇರಿದರೆ ಮಗಳು ಕೈ ತಪ್ಪುತ್ತಾಳೆ ಅಂತ ಅವಳಿಗೆ ಭಯ. "ನನ್ನ ಜಾಗ ಆ ಕಾಲೇಜು, ಈ ಮನೆ ಅಲ್ಲ" ಅಂತ ಮಗಳ ಹಟ. ತಾಯಿ ಮಗಳ ನಡುವೆ ಮಾತೇ ನಿಂತುಹೋಯಿತು.

"ಉಪ್ಪು ಎಲ್ಲಿಟ್ಟವ್ಳೆ ಕೇಳೋ ಅವಳ್ನ."

"ಅಲ್ಲೇ ಐತೆ ಅಂತ ಹೇಳೋ ಅಮ್ಮಂಗೆ."

ಒಂದೇ ಒಲೆಯ ಮುಂದೆ ಕೂತವರ ಮಾತನ್ನು ಮುನಿರಾಜ ಅತ್ತಿಂದಿತ್ತ ಇತ್ತಿಂದತ್ತ ಹೊರುತ್ತಿದ್ದ.

ಹುಳಕ್ಕೆ ಹೊತ್ತೊತ್ತಿಗೆ ಸೊಪ್ಪು ಹಾಕು ಅಂತ ಪಿಳ್ಳಮ್ಮ ಅವನಿಗೆ ಹೇಳಿದ್ದಳು. ಹಾಕಿದ. ಹುಳ ಪೊರೆ ಬಿಡಲು ಕೂತಾಗಲೂ ಹಾಕಿದ. ಆಗ ಅವು ಮೇಯುವುದಿಲ್ಲ, ತಲೆ ಎತ್ತಿಕೊಂಡು ಅಲ್ಲಾಡದೆ ಕೂತಿರುತ್ತವೆ. ಇವನು ಮೇಲೆ ಮೇಲೆ ಸುರಿದು ಹುಳದ ತಟ್ಟೆಯನ್ನೆಲ್ಲಾ ತಿಪ್ಪೆ ಮಾಡಿಟ್ಟ.

"ಅಯ್ಯೋ ಪೆದ್ದೇ! ತಲೆ ಎತ್ಕೊಂಡು ಅಲ್ಲಾಡ್ದೆ ಕೂತಿದ್ರೆ ಮುಟ್ಬಾರ್ದು ಕಣೋ! ತಿನ್ನೋಕೆ ಕೊಡ್ಬಾರ್ದು, ಸದ್ದು ಮಾಡ್ಬಾರ್ದು, ಸುಮ್ನೆ ಬಂದ್ಬಿಡ್ಬೇಕು!"

"ಆಗ್ಲಮ್ಮ, ಹಂಗೇ ಮಾಡ್ತೀನಿ."

ಅವತ್ತು ಮಧ್ಯಾಹ್ನ ಭಾರತಿ ಊಟಕ್ಕೆ ಬರಲಿಲ್ಲ. ಪಿಳ್ಳಮ್ಮನಿಗೆ ಕರುಳು ಕೇಳಲಿಲ್ಲ. ಮುದ್ದೆ, ಸಾರು ಬಡಿಸಿ ಮಗನ ಕೈಗಿಟ್ಟಳು. "ಕೊಟ್ಟು ಬಾ. ನಾನು ಕೊಟ್ಟೆ ಅನ್ಬೇಡ."

ಮುನಿರಾಜ ಕೋಣೆಗೆ ಇಣುಕಿದ. ಭಾರತಿ ಗೋಡೆಗೆ ಒರಗಿ ತಲೆ ಎತ್ತಿಕೊಂಡು ಸೂರು ನೋಡುತ್ತಾ ಅಲ್ಲಾಡದೆ ಕೂತಿದ್ದಳು. ಓಹೋ ಅಂದುಕೊಂಡ. ಬೆಕ್ಕಿನ ಹೆಜ್ಜೆಯಲ್ಲಿ ಹಿಂದೆ ಬಂದು, ಬಾಗಿಲು ಹಾಕಿ, ಮುದ್ದೆಯನ್ನು ತಾನೇ ಉಂಡ.

ಸಂಜೆ ಕೋಣೆಯಿಂದ ಅಳು ಕೇಳಿಸಿತು. "ನಾನು ಸತ್ರೂ ಒಂದು ತುತ್ತು ಕೊಡೋರಿಲ್ಲ ಈ ಮನೇಲಿ!"

"ಕಳ್ಸಿದ್ನಲ್ಲೋ!" ಅಂತ ಪಿಳ್ಳಮ್ಮ ಮಗನನ್ನು ಹಿಡಿದಳು. ವಿಷಯ ತಿಳಿದು ಹಣೆ ಚಚ್ಚಿಕೊಂಡಳು. "ಅವಳೇನು ಹುಳವೇನೋ! ಏನು ಬೇಕು ಅಂತ ಬಾಯ್ಬಿಟ್ಟು ಕೇಳ್ಬೇಕು! ಕೇಳಿದ್ದನ್ನ ತಂದು ಕೊಡ್ಬೇಕು!"

"ಆಗ್ಲಮ್ಮ, ಹಂಗೇ ಮಾಡ್ತೀನಿ."

ಮಾರನೇ ದಿನ ಕೇಳಿದ. "ಭಾರ್ತಿ, ಏನು ಬೇಕು?"

"ನನ್ನ ಮಾರ್ಕ್ಸ್ ಕಾರ್ಡ್ ಬೇಕು."

ಅದು ಪಿಳ್ಳಮ್ಮನ ಟ್ರಂಕಿನಲ್ಲಿತ್ತು, ಬೀಗ ಹಾಕಿ. ಮುನಿರಾಜ ಕಲ್ಲು ತಂದು ಬೀಗ ಒಡೆದು, ಟ್ರಂಕನ್ನೇ ಹೊತ್ತು ತಂಗಿಯ ಮುಂದಿಟ್ಟ. ಸೊಪ್ಪಿನ ಹೊರೆ ಇಳಿಸಿ ಬಂದ ಪಿಳ್ಳಮ್ಮ ನೋಡಿದಳು.

"ಕೇಳಿದ ತಕ್ಷಣ ಕೊಟ್ಬಿಡೋದೇನೋ! ಎಲ್ಲಿಗೆ, ಯಾಕೆ ಅಂತ ಕೇಳ್ಬಾರ್ದಾ? ಉತ್ತರ ಬರೋವರ್ಗೂ ಕಾಯ್ಬಾರ್ದಾ?"

"ಆಗ್ಲಮ್ಮ, ಹಂಗೇ ಮಾಡ್ತೀನಿ."

ಟ್ರಂಕು ಎಳೆದುಕೊಂಡು ಹೋಗಿ ಹೊಸ ಬೀಗ ಜಡಿದಳು. ಸಿಟ್ಟಿನಲ್ಲಿ ಒಳಗೆ ನೋಡಲಿಲ್ಲ. ಕಾಗದಗಳೆಲ್ಲ ಆಗಲೇ ಭಾರತಿಯ ಚಾಪೆಯ ಕೆಳಗೆ ಸೇರಿದ್ದವು.

ದಿನ ಎಂಟಾಯಿತು, ಒಂಬತ್ತಾಯಿತು. ಭಾರತಿ ಬೆರಳು ಮಡಿಸಿ ಎಣಿಸುತ್ತಿದ್ದಳು, ಪಿಳ್ಳಮ್ಮ ನೋಡಿಯೂ ನೋಡದ ಹಾಗೆ ಇದ್ದಳು. ಹುಳ ಹಣ್ಣಾಗತೊಡಗಿದವು, ಅಂದರೆ ಮೇದು ಮುಗಿಸಿ ಗೂಡು ಕಟ್ಟಲು ತಯಾರು. ಹಣ್ಣಾದ ಹುಳವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಅದು ಬಿದಿರಿನ ಚಾಪೆ, ಅದರ ಸುರುಳಿಗಳ ನಡುವೆ ಕೂತು ಹುಳ ಗೂಡು ಕಟ್ಟುತ್ತದೆ. ಆರಿಸು ಅಂತ ಮಗನಿಗೆ ಹೇಳಿ ಪಿಳ್ಳಮ್ಮ ನೆಂಟರಿಗೆ ಚಕ್ಕುಲಿ ಸುಡಲು ಕೂತಳು.

ಎರಡು ಗಂಟೆ ಬಿಟ್ಟು ಬಂದರೆ ಮುನಿರಾಜ ಒಂದೇ ಒಂದು ಹುಳವನ್ನು ಅಂಗೈಮೇಲೆ ಇಟ್ಟುಕೊಂಡು ಕೂತಿದ್ದ. "ಎಲ್ಲಿಗೆ ಹೋಗ್ಬೇಕಪ್ಪ? ಯಾಕೆ ಹೋಗ್ಬೇಕಪ್ಪ?" ಹುಳ ಉತ್ತರ ಕೊಟ್ಟಿರಲಿಲ್ಲ. ತಟ್ಟೆಯಲ್ಲಿದ್ದವು ಕಸದಲ್ಲೇ ನೂಲು ಸುತ್ತಿಕೊಂಡು ಹಾಳಾಗುತ್ತಿದ್ದವು.

"ಅಯ್ಯೋ, ನಿನ್ನ ಬಾಯಿಗೆ ಮಣ್ಣು ಹಾಕ!" ಪಿಳ್ಳಮ್ಮ ಅತ್ತೇಬಿಟ್ಟಳು. "ಗುರುತು ನೋಡೋ! ಮೇವು ಬಿಟ್ಟಿರುತ್ತೆ, ಮೈ ಹೊಳೀತಿರುತ್ತೆ, ತಲೆ ಎತ್ತಿ ಅತ್ತ ಇತ್ತ ದಾರಿ ಹುಡುಕ್ತಿರುತ್ತೆ. ಅಂಥದ್ದು ಕಂಡ್ರೆ ಅದನ್ನೂ ಕೇಳ್ಬೇಡ, ನನ್ನೂ ಕೇಳ್ಬೇಡ! ತಡ ಆದ್ರೆ ಇದ್ದಲ್ಲೇ ಸುತ್ಕೊಂಡು ಹಾಳಾಗುತ್ತೆ. ಎತ್ತಿ ಅದರ ಜಾಗಕ್ಕೆ ಬಿಟ್ಬಿಡು!"

"ಆಗ್ಲಮ್ಮ, ಹಂಗೇ ಮಾಡ್ತೀನಿ."

ಹತ್ತನೇ ದಿನ, ಸೋಮವಾರ. ಗಂಡಿನ ಕಡೆಯವರು ಐದು ಜನ ಬಂದು ನಡುಮನೆಯಲ್ಲಿ ಕೂತರು. ಪಿಳ್ಳಮ್ಮ ಮಗನ ಕಿವಿಯಲ್ಲಿ ಹೇಳಿದಳು, "ಭಾರತೀನ ಕರ್ಕೊಂಡು ಬಾ."

ಮುನಿರಾಜ ಕೋಣೆಗೆ ಹೋದ. ಬೆಳಗಿನ ತಟ್ಟೆ ಮುಟ್ಟದೆ ಹಾಗೇ ಇತ್ತು. ಭಾರತಿ ಹೊಸ ಸೀರೆ ಉಟ್ಟು ಹೊಳೆಯುತ್ತಿದ್ದಳು. ತಲೆ ಎತ್ತಿ ಒಮ್ಮೆ ಕಿಟಕಿ, ಒಮ್ಮೆ ಹಿತ್ತಲ ಬಾಗಿಲು ನೋಡುತ್ತಿದ್ದಳು. ಮುನಿರಾಜ ಮೂರು ಬೆರಳು ಮಡಿಸಿದ. ಮೂರೂ ಗುರುತು ಸರಿಯಾಗಿತ್ತು. ಯಾರನ್ನೂ ಕೇಳಲಿಲ್ಲ. ತಂಗಿಯನ್ನು ಎತ್ತಿದ, ಹಿತ್ತಲಿಗೆ ತಂದು ಸೈಕಲ್ಲಿನ ಹಿಂದೆ ಕೂರಿಸಿದ.

"ಅಣ್ಣ, ಎಲ್ಲಿಗೋ?"

"ನಿನ್ನ ಜಾಗಕ್ಕೆ."

ಭಾರತಿ ಅವನ ಮುಖವನ್ನೇ ನೋಡಿದಳು. ಇಳಿದು ಒಳಗೆ ಓಡಿ, ಚಾಪೆಯ ಕೆಳಗಿನ ಕಾಗದ ತಂದು ಮತ್ತೆ ಹತ್ತಿ ಕೂತಳು.

ನಡುಮನೆಯಲ್ಲಿ ಚಕ್ಕುಲಿ ಮುಗಿಯಿತು, ಕಾಫಿ ಮುಗಿಯಿತು, ಮಾತೂ ಮುಗಿಯಿತು. ಗಂಡಿನ ಅಪ್ಪ ಗಂಟಲು ಸರಿಮಾಡಿಕೊಂಡರು. ಕೊನೆಗೆ ಮುನಿರಾಜ ಬೆವರೊರೆಸಿಕೊಂಡು ಒಬ್ಬನೇ ಬಂದ.

"ಎಲ್ಲೋ ಭಾರತಿ?"

"ಕಾಲೇಜಿನ ಬಸ್ಸು ಹತ್ಸಿ ಬಂದೆ ಕಣಮ್ಮ. ಮೇವು ಬಿಟ್ಟಿದ್ಲು, ದಾರಿ ಹುಡುಕ್ತಿದ್ಲು. ತಡ ಆದ್ರೆ ಇದ್ದಲ್ಲೇ ಹಾಳಾಗ್ತಾಳೆ ಅಂತ ನೀನೇ ಅಂದ್ಯಲ್ಲ!"

ಬಂದವರು ಎದ್ದು ಹೋದರು. ಹೋಗುವಾಗ ಆಡಬಾರದ್ದನ್ನು ಆಡಿಯೇ ಹೋದರು. ಪಿಳ್ಳಮ್ಮ ಹೊಡೆಯಲು ಕೈ ಎತ್ತಿದಳು. ಎತ್ತಿದ ಕೈ ಹಾಗೇ ಇಳಿಯಿತು. ಒಳಗೆ ಹೋಗಿ ಮಗಳ ನಾಲ್ಕು ಬಟ್ಟೆ ಮಡಿಸಿ, ರಾಗಿ ರೊಟ್ಟಿ ಸುಟ್ಟು ಗಂಟು ಕಟ್ಟಿ, ಮುಂದಿನ ಬಸ್ಸಿಗೆ ಮಗನನ್ನು ಕಳಿಸಿದಳು. ಬಟ್ಟೆ ಕಳಿಸಿದಳು, ರೊಟ್ಟಿ ಕಳಿಸಿದಳು, ಒಂದು ಮಾತು ಮಾತ್ರ ಕಳಿಸಲಿಲ್ಲ.

ಸಂಜೆ ಅವನು ತಿರುಗಿ ಬಂದಾಗ ಚಂದ್ರಿಕೆ ತೋರಿಸಿ ಹೇಳಿದಳು, "ಇವತ್ತು ಬಿಟ್ಟಿದ್ದನ್ನ ಐದನೇ ದಿನ ತಪ್ಪದೆ ಬಿಡಿಸ್ಬೇಕು ಕಣೋ. ಮೈಮರೆತ್ರೆ ರೆಕ್ಕೆ ಬಂದು ಹಾರಿ ಹೋಗುತ್ತೆ." ಹೇಳುತ್ತಾ ಬಸ್ಸು ಹೋದ ದಾರಿಯ ಕಡೆ ನೋಡಿದಳು.

"ಆಗ್ಲಮ್ಮ, ಹಂಗೇ ಮಾಡ್ತೀನಿ."

ಐದನೇ ದಿನ ಪಿಳ್ಳಮ್ಮ ಒಬ್ಬಳೇ ಕೂತು ಗೂಡು ಬಿಡಿಸುತ್ತಿದ್ದಳು. ಮುನಿರಾಜನ ಪತ್ತೆಯಿಲ್ಲ. ಮಧ್ಯಾಹ್ನ ಅಂಗಳದಲ್ಲಿ ಸೈಕಲ್ಲಿನ ಗಂಟೆ ಕೇಳಿಸಿತು. ಬಿಳಿ ಕೋಟು ಹಾಕಿದ ಭಾರತಿ ಒಳಗೆ ಓಡಿ ಬಂದಳು.

"ಏನಾಯ್ತಮ್ಮ ನಿಂಗೆ? ಕ್ಲಾಸಿಂದ ಎಬ್ಬಿಸ್ಕೊಂಡು ಬಂದ! ಐದು ದಿನ ಆಯ್ತು, ಅಮ್ಮ ಹೇಳವ್ಳೆ ಅಂತಾನೆ, ಇನ್ನೇನೂ ಹೇಳಲ್ಲ!"

"ತಡ ಮಾಡಿದ್ರೆ ಹಾರಿ ಹೋಗ್ತಾಳಲ್ಲ" ಅಂದ ಮುನಿರಾಜ.

ಪಿಳ್ಳಮ್ಮ ಮಗಳನ್ನು ತಲೆಯಿಂದ ಕಾಲವರೆಗೆ ನೋಡಿದಳು. ಕೇಳೋ ಅವಳ್ನ ಅನ್ನಲಿಲ್ಲ. ತಾನೇ ಕೇಳಿದಳು. "ಉಂಡ್ಯೇನೇ?"

"ಇಲ್ಲ. ನೀನು?"

"ಇಲ್ಲ." ಕಣ್ಣೊರೆಸಿಕೊಂಡು ಎದ್ದಳು. "ಉಣ್ಣು ಬಾ. ಸೋಮವಾರ ಮೊದಲ್ನೇ ಬಸ್ಸಿಗೆ ನಾನೇ ಬಿಟ್ಟು ಬರ್ತೀನಿ."

ಇಬ್ಬರೂ ತಟ್ಟೆಯ ಮುಂದೆ ಕೂತಾಗ ಹಿತ್ತಲಲ್ಲಿ ಹೊಗೆ ಎದ್ದಿತು. ಮುನಿರಾಜ ಬಾಗಿಲಲ್ಲಿ ಬಂದು ನಿಂತ.

"ಅಮ್ಮ, ಗೂಡು ಬಿಡಿಸಿದ್ಮೇಲೆ ಕುದಿಯೋ ನೀರಿಗೆ ಹಾಕ್ತಾರಲ್ವಾ? ಹಂಡೆ ಕಾಯ್ಸಿದೀನಿ. ಭಾರ್ತೀನ ಎತ್ಕೊಂಡು ಹೋಗ್ಲಾ?"

"ಬೇಡ್ವೋ!" ಅಂತ ತಾಯಿ ಮಗಳು ಒಟ್ಟಿಗೆ ಕೂಗಿದರು. ಆ ತಿಂಗಳು ಅವರಿಬ್ಬರ ಬಾಯಲ್ಲಿ ಒಂದೇ ಮಾತು ಬಂದದ್ದು ಅದೇ ಮೊದಲು.