ಹೆಂಚಿನ ಮನೆಗೆ ಒಂದನೇ ದರ್ಜೆ

ಗುಂಡ್ಲಕಟ್ಟೆ ಅಂತ ಒಂದು ಊರು. ಊರಿಗೊಂದು ಪುರಸಭೆ, ಪುರಸಭೆಗೊಂದು ಮಹಡಿ, ಮಹಡಿ ಮೇಲೊಬ್ಬ ಸಾಹೇಬ. ಅದೇ ಊರಿನ ಕೊನೇ ಓಣಿಯಲ್ಲಿ ಒಂದು ಹೆಂಚಿನ ಮನೆ. ಮನೆಯಲ್ಲಿ ದ್ಯಾಮಕ್ಕ, ದ್ಯಾಮಕ್ಕನಿಗೊಬ್ಬ ಮಗ ಓಬಳ, ಇಬ್ಬರನ್ನೂ ಸಾಕೋಕೆ ಚೆನ್ನಿ ಅನ್ನೋ ಒಂದು ಎಮ್ಮೆ. ಮೂವರಲ್ಲಿ ಬುದ್ಧಿ ಯಾರಿಗೆ ಜಾಸ್ತಿ ಅಂತ ಓಣಿಯವರನ್ನ ಕೇಳಿದರೆ ಮೊದಲು ದ್ಯಾಮಕ್ಕ ಅನ್ನೋರು, ಆಮೇಲೆ ಎಮ್ಮೆ ಅನ್ನೋರು, ಅಲ್ಲಿಗೆ ನಿಲ್ಲಿಸೋರು.

ಓಬಳ ಕೆಟ್ಟವನಲ್ಲ. ಮೀಸೆ ಬಂದಿತ್ತು, ರಟ್ಟೇಲಿ ಶಕ್ತಿ ಇತ್ತು, ಹೇಳಿದ ಮಾತು ಮೀರುತ್ತಿರಲಿಲ್ಲ. ಅದೇ ತಾಪತ್ರಯ! "ಒಲೆ ಮೇಲಿನ ಹಾಲು ನೋಡ್ತಿರು" ಅಂದರೆ ನೋಡ್ತಿರೋನು. ಉಕ್ಕಿದರೂ ನೋಡೋನು, ಸುರಿದರೂ ನೋಡೋನು, ಪಾತ್ರೆ ತಳ ಹತ್ತಿ ಕರೀ ಆದರೂ ನೋಡೋನು.

"ಅಯ್ಯೋ ನನ್ನ ಕರ್ಮವೇ! ನಿನ್ನ ಹೆರೋ ಬದಲು ಒಂದು ಒರಳುಕಲ್ಲು ಹೆತ್ತಿದ್ರೆ ಚಟ್ನಿನಾದ್ರೂ ರುಬ್ಬಬಹುದಿತ್ತಲ್ಲೋ!"

"ರುಬ್ಬಲೇನವ್ವಾ?" ಅನ್ನೋನು ಓಬಳ.

ಒಂದು ದಿನ ಹೆಣ್ಣಿನ ಕಡೆಯವರು ಮನೆ ನೋಡೋಕೆ ಬರ್ತೀವಿ ಅಂತ ಹೇಳಿ ಕಳಿಸಿದರು. ಗಂಡಿನ ಮನೆ ಹೆಂಗೈತೆ, ಮಗಳು ನೀರು ಎಷ್ಟು ದೂರದಿಂದ ಹೊರಬೇಕು ಅಂತ ನೋಡಿಯೇ ಮಾತು ಮುಂದುವರಿಸೋದು ಅವರ ಪದ್ಧತಿ. ದ್ಯಾಮಕ್ಕ ಪಕ್ಕದ ಮನೆಯಿಂದ ನಾಲ್ಕು ಕುರ್ಚಿ ಕೇಳಿ ತಂದಳು. ಮಗನ ತಲೆ ಬಾಚಿ ಓಣಿ ಬಾಯಲ್ಲಿ ನಿಲ್ಲಿಸಿದಳು.

"ನೋಡ್ಲಾ, ಬಂದವರು ಏನು ಕೇಳಿದ್ರೂ ಇಲ್ಲ ಅನ್ಬೇಡ. ಐತೆ ಅನ್ನು. ನಗ್ತಾ ಅನ್ನು!"

"ಹೂಂ ಕಣವ್ವಾ."

ಮೊದಲು ಬಂದೋನು ಪುರಸಭೆ ಬಿಲ್ ಕಲೆಕ್ಟರ್ ಪರಸಪ್ಪ. ಊರಿನ ಮನೆಗಳನ್ನ ನೋಡಿ ಇದು ಒಂದನೇ ದರ್ಜೆ, ಇದು ಎರಡು, ಇದು ಮೂರು ಅಂತ ಬರೆಯೋದು ಅವನ ಕೆಲಸ. ಒಂದನೇ ದರ್ಜೆಗೆ ಜಾಸ್ತಿ ಕಂದಾಯ, ಮೂರನೇ ದರ್ಜೆಗೆ ಕಮ್ಮಿ. ಆದರೆ ಪರಸಪ್ಪನಿಗೆ ಮಂಡಿನೋವು, ಓಣಿಗೆ ಅಡ್ಡ ಒಂದು ತೆರೆದ ಚರಂಡಿ. ಅದನ್ನ ಯಾರು ದಾಟ್ತಾರೆ ಅಂತ ಸ್ಕೂಟರ್ ಮೇಲೆ ಕೂತೇ ಇಡೀ ಓಣಿ ಬರೆದುಬಿಡೋನು.

"ಲೋ, ದ್ಯಾಮಕ್ಕನ ಮಗ ಅಲ್ವೇನೋ? ನಿಮ್ಮದು ಮೋಲ್ಡಿಂಗ್ ಮನೆಯೇನೋ?"

"ಐತೆ!" ಓಬಳ ನಕ್ಕ.

"ಓಹೋ! ಮೇಲೆ ಮಹಡಿ?"

"ಐತೆ!"

"ನೆಲಕ್ಕೆ ಗ್ರಾನೈಟು?"

"ಐತೆ!"

ಪರಸಪ್ಪ ಕನ್ನಡಕ ಮೇಲೆತ್ತಿ ನೋಡಿದ. "ಲಿಫ್ಟು ಒಂದು ಇಲ್ವೇನೋ?" ಅಂದ ತಮಾಷೆಗೆ.

"ಐತೆ, ಐತೆ!"

ಎರಡು ಸಲ ಅಂದನಲ್ಲ, ಎರಡು ಲಿಫ್ಟು ಅಂತ ಬರಕೊಂಡು ಪರಸಪ್ಪ ಸ್ಕೂಟರ್ ಒದ್ದ.

ಆಮೇಲೆ ಹೆಣ್ಣಿನ ಕಡೆಯವರು ಬಂದರು. ಹುಡುಗಿಯ ಸೋದರಮಾವ ಓಬಳನ ಹೆಗಲ ಮೇಲೆ ಕೈ ಹಾಕಿ ಮೆಲ್ಲಗೆ ಕೇಳಿದ, "ತಪ್ಪು ತಿಳೀಬೇಡಪ್ಪಾ, ಕುಡಿಯೋ ಚಟ ಏನಾದ್ರೂ ಐತಾ?"

"ಐತೆ!" ಓಬಳ ಹಲ್ಲೆಲ್ಲ ಕಾಣೋ ಹಾಗೆ ನಕ್ಕ.

ಅವರು ಚರಂಡಿ ಕೂಡ ದಾಟಲಿಲ್ಲ. ಬಂದ ಆಟೋದಲ್ಲೇ ವಾಪಸ್. ಆ ಸಂಬಂಧ ಅಲ್ಲಿಗೆ ಮುಗೀತು.

"ಸದ್ಯ!" ಅಂತ ಓಬಳ ಉಸಿರು ಬಿಟ್ಟ. "ಒಂದು ಸಲಾನೂ ಇಲ್ಲ ಅನ್ನಲಿಲ್ಲ."

ತಿಂಗಳಾದ ಮೇಲೆ ಪುರಸಭೆ ಜವಾನ ನೋಟಿಸ್ ತಂದ. ಬಾಗಿಲಲ್ಲೇ ನಿಂತು ಓದಿದ. ದ್ಯಾಮಕ್ಕನ ಮನೆ ಒಂದನೇ ದರ್ಜೆ! ರೈಸ್‌ಮಿಲ್ ಸಾಹುಕಾರನ ಬಂಗಲೆಗೂ ಅದೇ ದರ್ಜೆ, ಸೆಗಣಿ ಸಾರಿಸಿದ ಈ ಮನೆಗೂ ಅದೇ ದರ್ಜೆ! ಒಪ್ಪಿಗೆ ಇಲ್ಲದಿದ್ದರೆ ಹದಿನೈದು ದಿನದೊಳಗೆ ತಕರಾರು ಹಾಕಬೇಕು. ಹಾಕದಿದ್ದರೆ ಇದೇ ಖಾಯಂ.

ದ್ಯಾಮಕ್ಕ ಹೊಸಿಲ ಮೇಲೆ ಕುಸಿದು ಕೂತಳು. "ಇಷ್ಟು ಕಂದಾಯ ಎಲ್ಲಿಂದ ತರಲೋ? ಚೆನ್ನೀನ ಮಾರಬೇಕು ಅಷ್ಟೇ!"

ಚೆನ್ನೀನ ಮಾರೋದಾ! ಓಬಳ ಓಡಿ ಹೋಗಿ ಚೆನ್ನಿ ಹಗ್ಗ ಗಟ್ಟಿಯಾಗಿ ಹಿಡ್ಕೊಂಡ. ಇಡೀ ಊರಲ್ಲಿ ಅವನನ್ನ ಪೆದ್ದ ಅನ್ನದೆ ಇರೋದು ಚೆನ್ನಿ ಒಂದೇ.

"ಎಲ್ಲದಕ್ಕೂ ಐತೆ ಅಂದ್ಯಾ ಮುಂಡೇದೇ! ಪುರಸಭೆಯವರ ಮುಂದೆ ಐತೆ ಅಂತಾರೇನೋ? ಇಲ್ಲ ಸ್ವಾಮಿ, ಏನೂ ಇಲ್ಲ ಸ್ವಾಮಿ ಅನ್ಬೇಕು! ಹೋಗು, ಜವಾನನ ಕೈಲಿ ಬರೆಸಿದ ಈ ತಕರಾರು ಅರ್ಜಿ ಕೊಟ್ಟು ಬಾ!"

"ಹೂಂ ಕಣವ್ವಾ."

ಓಬಳ ಅರ್ಜಿ ಹಿಡಿದು ಪುರಸಭೆ ಮಹಡಿ ಹತ್ತಿದ. ಅಲ್ಲಿ ಗುಮಾಸ್ತೆ ಸರ್ವಮಂಗಳಮ್ಮ ಕೂತಿದ್ದರು.

"ಏನಪ್ಪಾ ನಿನ್ನ ಹೆಸರು?"

"ಇಲ್ಲ ಸ್ವಾಮಿ."

"ಹೆಸರಿಲ್ವಾ? ಮತ್ತೆ ನಾನು ಸ್ವಾಮಿ ಅಲ್ಲ, ಮೇಡಂ ಅನ್ನು."

"ಇಲ್ಲ ಸ್ವಾಮಿ."

"ಹೋಗ್ಲಿ, ಮನೆ ನಂಬರು?"

"ಏನೂ ಇಲ್ಲ ಸ್ವಾಮಿ."

"ಮನೆನಾದ್ರೂ ಐತಾ?"

"ಇಲ್ಲ ಸ್ವಾಮಿ!"

"ಕೈಯಲ್ಲಿರೋದು ತಕರಾರು ಅರ್ಜಿ ಅಲ್ವೇನಪ್ಪಾ?"

ಓಬಳ ಕೈಯಲ್ಲಿದ್ದ ಅರ್ಜಿ ನೋಡಿದ. ಅವ್ವನ ಮಾತು ನೆನೆದ. "ಇಲ್ಲ ಸ್ವಾಮಿ," ಅಂದ ಗಟ್ಟಿಯಾಗಿ.

"ಹೆಸರಿಲ್ಲ, ಮನೆಯಿಲ್ಲ, ಅರ್ಜಿನೂ ಇಲ್ಲ. ಮತ್ತೆ ನನ್ನ ತಲೆ ತಿನ್ನೋಕೆ ಬಂದ್ಯಾ? ನಡಿ!"

ಓಬಳ ಅರ್ಜಿ ಮಡಚಿಕೊಂಡು ಇಳಿದು ಬಂದ. ಸದ್ಯ, ಐತೆ ಅನ್ನೋ ಮಾತು ಬಾಯಿಂದ ಬರಲಿಲ್ಲ!

ದ್ಯಾಮಕ್ಕ ಹಣೆ ಚಚ್ಚಿಕೊಂಡಳು. "ಅರ್ಜಿ ಕೈಯಾಗೆ ಹಿಡಿದು ಇಲ್ಲ ಅಂದ್ಯೇನೋ ಬೆಪ್ಪೇ! ಅಲ್ಲೋ, ಆಫೀಸಿನವರು ಬಾಯಿ ಮಾತು ನಂಬ್ತಾರಾ? ನಮ್ಮದು ಹೆಂಚಿನ ಮನೆ, ಮಣ್ಣಿನ ಗೋಡೆ ಅಂತ ಪುರಾವೆ ತೋರಿಸ್ಬೇಕು! ಕಣ್ಣಿಗೆ ಕಾಣೋ ಹಂಗೆ ಮುಂದಿಡಬೇಕು!" ಅಂತ ಬೈದು ಹಾಲು ಹಾಕೋಕೆ ಹೋದಳು.

"ಹೂಂ ಕಣವ್ವಾ," ಅಂತ ಓಬಳ ಏಣಿ ಇಟ್ಟು ಸೂರು ಹತ್ತಿದ.

ನಲವತ್ತು ಹೆಂಚು ಇಳಿಸಿದ. ಹಾರೆ ತಗೊಂಡು ಹಿಂದಿನ ಗೋಡೆಯಿಂದ ಎರಡು ಬುಟ್ಟಿ ಮಣ್ಣು ಅಗೆದ. ಎಲ್ಲಾನೂ ತಳ್ಳುಗಾಡಿಗೆ ಹಾಕ್ಕೊಂಡು ಹೋಗಿ, ಹೊತ್ತು ಹೊತ್ತು ಮಹಡಿ ಹತ್ತಿಸಿ, ಕಂದಾಯ ಸಾಹೇಬ ಮುರಿಗೆಪ್ಪನವರ ಮೇಜಿನ ಮೇಲೆ ಸುರಿದ.

"ಏನೋ ಇದು!"

"ಪುರಾವೆ ಸ್ವಾಮಿ. ಇದು ಸೂರು. ಇದು ಗೋಡೆ. ಕಣ್ಣಿಗೆ ಕಾಣ್ತೈತಾ?"

ಹೆಂಚಿನ ಸಂದಿಯಿಂದ ಒಂದು ಚೇಳು ಇಣುಕಿತು. ಸರ್ವಮಂಗಳಮ್ಮ ಕುರ್ಚಿ ಮೇಲೆ, ಜವಾನ ಬೀರು ಮೇಲೆ, ಸಾಹೇಬರು ಕಿಟಕಿ ಕಟ್ಟೆ ಮೇಲೆ.

"ಅದೂ ನಮ್ಮದೇ ಸ್ವಾಮಿ," ಅಂದ ಓಬಳ.

"ಲೋ! ಮನೆ ಹೊತ್ಕೊಂಡು ಆಫೀಸಿಗೆ ಬರ್ತಾರೇನೋ? ನಾವೇ ಬಂದು ನೋಡ್ತೀವಿ! ಗುರುವಾರ ನಾನೇ ಬರ್ತೀನಿ. ಅಲ್ಲೀವರೆಗೂ ಮನೆ ಹೆಂಗೈತೋ ಹಂಗೇ ಇರ್ಬೇಕು, ಒಂದು ಕಡ್ಡಿ ಅಲ್ಲಾಡಬಾರದು! ಮೊದಲು ಆ ಚೇಳು ತಗೊಂಡು ಹೋಗು!"

"ಹೂಂ ಸ್ವಾಮಿ."

ಅವತ್ತು ಮಂಗಳವಾರ. ಓಬಳ ಮನೆಗೆ ಬಂದಾಗ ದ್ಯಾಮಕ್ಕ ಸೂರಿನ ತೂತು ನೋಡಿ ಬೈದು ಬೈದು ಸುಸ್ತಾಗಿ ಕಸ ಗುಡಿಸ್ತಾ ಇದ್ದಳು. ಕಸ ನಡುಮನೇಲಿ ಗುಡ್ಡೆ ಆಗಿತ್ತು. ಚೆನ್ನಿ ಬೂಸದ ವಾಸನೆ ಹಿಡಿದು ಬಾಗಿಲಲ್ಲಿ ತಲೆ ತೂರಿಸಿತ್ತು.

"ಅಲ್ಲಾಡಬೇಡಿ!" ಅಂತ ಓಬಳ ಕೂಗಿದ. "ಸಾಹೇಬರ ಅಪ್ಪಣೆ! ಹೆಂಗೈತೋ ಹಂಗೇ!"

ಮುಗೀತು. ಕಸದ ಗುಡ್ಡೆ ಹಂಗೇ, ಸೂರಿನ ತೂತು ಹಂಗೇ, ಹೆಂಚೆಲ್ಲ ತಳ್ಳುಗಾಡಿಯಲ್ಲಿ ಹಂಗೇ. ಚೆನ್ನಿ ತಲೆ ಒಳಗೆ, ಬಾಲ ಹೊರಗೆ. ಒಳಗಡೆ ಹುಲ್ಲು ಹಾಕೋದು, ಹೊರಗಡೆ ಹಾಲು ಕರೆಯೋದು. ಓಡಾಡೋಕೆ ಹಿತ್ತಲ ಗೋಡೇಲಿ ಓಬಳ ಅಗೆದ ಕಂಡಿ ಇತ್ತಲ್ಲ, ಅದೇ ಬಾಗಿಲು. ದ್ಯಾಮಕ್ಕ ಪೊರಕೆ ಮುಟ್ಟಿದರೆ ಸಾಕು, "ಚೆನ್ನೀನ ಮಾರ್ತೀಯೇನವ್ವಾ?" ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಅಡ್ಡ ನಿಲ್ಲೋನು. ಅವಳು ಪೊರಕೆ ಕೆಳಗಿಡೋಳು.

ಗುರುವಾರ ಸಾಹೇಬರು ಬಂದರು. ಹಿಂದೆ ಮಂಡಿ ಹಿಡ್ಕೊಂಡು ಪರಸಪ್ಪ.

"ಇದೇನಯ್ಯಾ ಮನೆ? ಬಾಗಿಲೆಲ್ಲಿ?"

"ಎಮ್ಮೆ ಹಿಂದೆ ಐತೆ ಸ್ವಾಮಿ," ಅಂದಳು ದ್ಯಾಮಕ್ಕ.

ಇಬ್ಬರೂ ಹಿತ್ತಲಿಗೆ ಹೋಗಿ ಕಂಡಿಯಲ್ಲಿ ತೂರಿದರು. ಸಾಹೇಬರು ಮೇಲೆ ನೋಡಿದರು. ಸೂರಿನಲ್ಲಿ ಆಕಾಶ ಕಂಡಿತು. ಕೆಳಗೆ ನೋಡಿದರು. ಸೆಗಣಿ ನೆಲ. "ಪರಸಪ್ಪಾ, ಮಹಡಿ ಎಲ್ಲಯ್ಯಾ? ಗ್ರಾನೈಟ್ ಎಲ್ಲಿ? ಎರಡು ಲಿಫ್ಟು ಬರೆದಿದ್ದೀಯಲ್ಲ, ಎಲ್ಲಿ ತೋರಿಸು!"

"ಅದು... ಆ ಹುಡುಗನೇ ಹೇಳಿದ ಸಾರ್..."

"ಅವನು ಹೇಳಿದ, ನೀನು ಬರೆದೆ! ಮನೆ ನೋಡಿದ್ಯಾ?"

"ಮಂಡಿನೋವು ಸಾರ್."

"ಮಂಡಿನೋವು ನಿನ್ನದು, ಕಂದಾಯ ಇವರದ್ದಾ!" ಅಂತ ಸಾಹೇಬರು ಸಿಟ್ಟಿನಲ್ಲಿ ಗೋಡೆಗೆ ಗುದ್ದಿದರು. ಅಗೆದು ಸಡಿಲವಾಗಿದ್ದ ಗೋಡೆ. ಇನ್ನೊಂದು ಬುಟ್ಟಿ ಮಣ್ಣು ದಬಾರ್ ಅಂತ ಅವರ ತಲೆ ಮೇಲೇ ಬಿತ್ತು.

ದ್ಯಾಮಕ್ಕ ಓಡಿ ಬಂದು ಸೆರಗಿನಿಂದ ಅವರ ಹೆಗಲ ಮಣ್ಣು ಕೊಡವಿದಳು.

ಸಾಹೇಬರು ಮೀಸೆ ಒರೆಸಿಕೊಂಡರು. "ಮೂರನೇ ದರ್ಜೆ," ಅಂದರು. "ಬರಿಯಯ್ಯಾ. ನಾಲ್ಕನೇದು ಇದ್ದಿದ್ರೆ ಅದನ್ನೇ ಬರೀತಿದ್ದೆ."

ಅಲ್ಲೇ ಬರೆದು, ಅಲ್ಲೇ ಸೀಲು ಒತ್ತಿ, ದ್ಯಾಮಕ್ಕನ ಕೈಗೆ ಕೊಟ್ಟು ಹೋದರು. ದ್ಯಾಮಕ್ಕ ಕಾಗದ ಕಣ್ಣಿಗೊತ್ತಿಕೊಂಡು ಸೆರಗಿಗೆ ಗಂಟು ಹಾಕಿದಳು. ಆಮೇಲೆ ಚೆನ್ನಿ ಕೊರಳು ತಬ್ಬಿ ಅತ್ತಳು. ಅತ್ತು ಹಗುರಾದ ಮೇಲೆ ಮಗನ ತಲೆ ಸವರಿದಳು. ಸವರಿ, ಅದೇ ಕೈಯಲ್ಲಿ ಒಂದು ಮೊಟಕಿದಳು.

"ಸದ್ಯ ಬದುಕಿದ್ವಿ ಕಣ್ಲಾ! ಆ ಪುಣ್ಯಾತ್ಮನ ಉಪಕಾರ ಮರೀಬಾರದು. ಬೆಳಿಗ್ಗೆ ಒಂದು ಚೊಂಬು ಹಾಲು ಕೊಟ್ಟು ಬಾ. ತಣ್ಣಗಾಗಿದ್ದು ಕೊಟ್ಟು ಮರ್ಯಾದೆ ಕಳೀಬೇಡ, ನೊರೆ ಆರಬಾರದು!"

"ಹೂಂ ಕಣವ್ವಾ!"

ಬೆಳಿಗ್ಗೆ ಓಬಳ ಚೊಂಬು ತುಂಬ ಹಾಲು ಕರೆದು ಹೊರಟ. ಓಣಿ ತಿರುವಿಗೆ ಬರೋ ಹೊತ್ತಿಗೆ ನೊರೆ ಆರಿತು. ವಾಪಸ್ ಬಂದು ಮತ್ತೆ ಕರೆದ, ಓಡಿದ. ಮಾರ್ಕೆಟ್ ಹತ್ತಿರ ಆರಿತು. ಓಬಳ ನಿಂತು ಯೋಚನೆ ಮಾಡಿದ. ಆಮೇಲೆ ಮನೆಗೆ ವಾಪಸ್ ಹೋಗಿ, ಖಾಲಿ ಚೊಂಬು ಕಂಕುಳಿಗೆ ಸಿಕ್ಕಿಸಿಕೊಂಡು, ಚೆನ್ನಿ ಹಗ್ಗ ಹಿಡಿದು, ಪುರಸಭೆ ಮಹಡಿ ಹತ್ತಿಸಿದ.

ಸಾಹೇಬರು ಫೈಲ್ ತೆಗೆದು ನೋಡ್ತಾ ಇದ್ದರು. ಚೆನ್ನಿ ಬಂದು ಫೈಲಿನ ಇನ್ನೊಂದು ತುದಿ ತಿನ್ನೋಕೆ ಶುರು ಮಾಡಿತು. ಓಬಳ ಕೆಳಗೆ ಕೂತು ಚರ್ ಚರ್ ಅಂತ ಕರೆದ. ನೊರೆ ಉಕ್ಕೋ ಚೊಂಬು ಮೇಜಿನ ಮೇಲಿಟ್ಟ.

"ತಗೊಳ್ಳಿ ಸ್ವಾಮಿ, ನೊರೆ ಆರಿಲ್ಲ!"

"ಅಯ್ಯಯ್ಯೋ! ತೊಲಗೋ ಇಲ್ಲಿಂದ! ಇನ್ನೊಂದು ಸಲ ಈ ಮೆಟ್ಟಿಲು ಹತ್ತಕೂಡದು! ಹತ್ತಿದ್ರೆ ಕಾಲು ಮುರೀತೀನಿ!"

"ಹೂಂ ಸ್ವಾಮಿ," ಅಂತ ಓಬಳ ಇಳಿದು ಹೋದ. ಚೆನ್ನಿ ಇಳಿಯಲಿಲ್ಲ. ಎಮ್ಮೆ ಮೆಟ್ಟಿಲು ಹತ್ತುತ್ತೆ, ಇಳಿಯೋಕೆ ಮಾತ್ರ ಜಪ್ಪಯ್ಯ ಅಂದರೂ ಒಪ್ಪಲ್ಲ.

ಸುದ್ದಿ ಕೇಳಿ ದ್ಯಾಮಕ್ಕ ಓಡಿ ಬಂದಳು. ಪುರಸಭೆ ಮುಂದೆ ಊರಿಗೆ ಊರೇ ನಿಂತು ನಗ್ತಿತ್ತು. ಸೆರಗಿನ ಗಂಟು ಮುಟ್ಟಿ ನೋಡಿಕೊಂಡಳು. ಕಾಗದ ಭದ್ರವಾಗಿತ್ತು. ಅವಳಿಗೂ ನಗು ಬಂತು.

"ಹೋಗೋ, ಎಮ್ಮೆ ಹಿಡ್ಕೊಂಡು ಬಾ!"

"ಆಗಲ್ಲವ್ವಾ. ಮೆಟ್ಟಿಲು ಹತ್ತಕೂಡದು ಅಂತ ಸಾಹೇಬರು ಅಪ್ಪಣೆ ಕೊಟ್ಟವ್ರೆ."

"ಮತ್ತೆ ಹೆಂಗೋ ತರ್ತೀಯಾ? ಏನಾದ್ರೂ ಮಾಡಿ ಇಳಿಸು, ಹೋಗು!"

ಓಬಳ ಹೋದ. ಪೇಂಟ್ ಹೊಡೆಯೋರ ಹತ್ತಿರ ಒಂದು ಬಿದಿರೇಣಿ ಕೇಳಿ ತಂದ. ಪುರಸಭೆ ಗೋಡೆಗೆ ಒರಗಿಸಿ ಸರಸರ ಹತ್ತಿ, ಸಾಹೇಬರ ಕಿಟಕಿಯಲ್ಲಿ ತಲೆ ತೂರಿಸಿದ.

"ಲೋ! ಮತ್ತೆ ಬಂದ್ಯಾ!"

"ಮೆಟ್ಟಿಲು ಹತ್ತಿಲ್ಲ ಸ್ವಾಮಿ!" ಅಂದ ಓಬಳ. ಆಮೇಲೆ ಚೆನ್ನಿಯನ್ನ ನೋಡಿದ, ಕಿಟಕಿಯನ್ನ ನೋಡಿದ, ಗೇಣಿನಲ್ಲಿ ಎರಡನ್ನೂ ಅಳೆದ. ಬೆನ್ನಿಗೆ ಸಿಕ್ಕಿಸಿಕೊಂಡಿದ್ದ ಹಾರೆ ತೆಗೆದ.

"ಸ್ವಲ್ಪ ಆ ಕಡೆ ಸರ್ಕೊಳ್ಳಿ ಸ್ವಾಮಿ. ನಿಮ್ಮ ಗೋಡೆ ಒಂದು ಚೂರು ಅಗೀಬೇಕು."